ತಿಂದು ಹೋದ ತಿರುವು

"ಮಕ್ಕಳಿಗೂ ಏನಾದ್ರೂ ಇಟ್ಕೊಳ್ಳೋಣ ಮೇಡಂ" ಎಂದು
ಕಲ್ಲಹಳ್ಳಿ ಬಡಾವಣೆ ಸಂಘದವರು ಕರೆದರು.
ನಾನು ಡ್ರೈವಿಂಗ್ ಸ್ಕೂಲಿನವಳು,
ಹನ್ನೊಂದು ವರ್ಷದಿಂದ ಮಂಡ್ಯದವರಿಗೆಲ್ಲ
ಕ್ಲಚ್ಚು ಮೆಲ್ಲಗೆ ಬಿಡುವುದನ್ನು ಹೇಳಿಕೊಡುವವಳು.
ನನ್ನ ಬಳಿ ಎರಡು ರಿಮೋಟ್ ಕಾರುಗಳಿರುವುದು
ಅವರಿಗೆ ಹೇಗೆ ಗೊತ್ತಾಯಿತೋ.
ರಾತ್ರಿ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಸುತ್ತ
ಒಬ್ಬಳೇ ಓಡಿಸುತ್ತೇನೆ,
ಯಾರಿಗೂ ಏನೂ ಕಲಿಸದೆ.

ಟ್ರ್ಯಾಕಿಗೆ ಕೋನುಗಳು ಬೇಕಿತ್ತು. ಸ್ಕೂಲಿನ ಬೀಗದಕೈ
ಓನರ್ ಜೇಬಿನಲ್ಲಿ, ಓನರ್ ಮದ್ದೂರಿನ ಬೀಗರೂಟದಲ್ಲಿ.
ಗೇಟಿನ ಪಕ್ಕ ಗಾಣ ಹಾಕಿದ್ದ ಜವರಪ್ಪ
ಇಪ್ಪತ್ನಾಲ್ಕು ಜಲ್ಲೆ ಕಬ್ಬು ಕೊಟ್ಟ:
"ಸಂಜೆಗ್ ವಾಪಸ್ ಬೇಕು ಕಣಕ್ಕ, ಎಣ್ಸ್ಕೊಂಡೇ ತಕತೀನಿ."

ಗೆಣ್ಣಿಗೆ ಗೆಣ್ಣು ತಾಗಿಸಿ ಮಣ್ಣಿನ ಮೇಲೆ ಮಲಗಿಸಿದೆ.
ಒಂದು ನೇರ ದಾರಿ, ಒಂದು ಹಾವಿನ ಸೊಂಟ,
ಶಾಮಿಯಾನದ ಗೂಟದ ಹತ್ತಿರ ಒಂದು ಗಡುಸು ತಿರುವು.

ಮೂವತ್ತೊಂದು ಟೋಕನ್ನು. ಚುಟುಕಾಗಿ ಹೇಳಿದೆ:
ಈ ಹೆಬ್ಬೆರಳು ಹೋಗಲಿಕ್ಕೆ, ಈ ಹೆಬ್ಬೆರಳು ತಿರುಗಲಿಕ್ಕೆ.
ದೂರ ಹೋಗುವಾಗ ಎಲ್ಲರೂ ಜಾಣರೇ.
ತಿರುಗಿ ನಿಮ್ಮ ಕಡೆಗೇ ಬರುತ್ತದಲ್ಲ, ಆಗ ನೋಡಿ,
ಅದರ ಎಡ ನಿಮ್ಮ ಬಲ.
ತಲೆಯಾಡಿಸಿದರು,
ದೊಡ್ಡವರು ನನ್ನೆದುರು ಆಡಿಸುತ್ತಾರಲ್ಲ, ಹಾಗೆಯೇ.

ಮೊದಲ ಹುಡುಗ ಪೃಥ್ವಿನ್ ಕಾರನ್ನು
ಬಿ.ಪಿ. ನೋಡುವ ಮೇಜಿನಡಿಗೆ ನುಗ್ಗಿಸಿದ.
ಪುಟ್ಟಮಾದಯ್ಯನವರ ಕಾಲಿಗೆ ತಾಗಿತು.
ನರ್ಸು ಮುಳ್ಳನ್ನೇ ನೋಡಿ ಪೆನ್ನು ಮುಚ್ಚಿದಳು:
"ಇದನ್ನ ಬರ್ಕೊಳ್ಳಲ್ಲ ತಾತ, ಇನ್ನೊಂದ್ಸಲ ನೋಡೋಣ."

ಸ್ಕೂಲಿನ ಕಾರಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕು.
ಇಲ್ಲಿ ಬರೀ ಮಣ್ಣು. ಆದರೂ
ಪ್ರತಿ ಮಗುವಿನ ಪ್ರತಿ ತಿರುವಿಗೂ
ಬಲಗಾಲು ತಾನಾಗಿ ಒತ್ತುತ್ತಿತ್ತು;
ಚಪ್ಪಲಿಯ ತುದಿಯಲ್ಲಿ ಸಣ್ಣದೊಂದು ಗುಳಿ ಬಿದ್ದಿತ್ತು.

ಹನ್ನೆರಡನೇ ಟೋಕನ್ನಿನ ಹೊತ್ತಿಗೆ ಗಮನಿಸಿದೆ,
ಹಾವು ಸೊರಗುತ್ತಿದೆ.
ಸರದಿ ಮುಗಿದವರು ನೆರಳಲ್ಲಿ ಸಾಲಾಗಿ ಕೂತು
ಹಲ್ಲಿನಿಂದ ಸಿಪ್ಪೆ ಸೀಳುತ್ತಿದ್ದಾರೆ.
"ಏನ್ರೋ ಅದು?"
"ಕಾರ್ ಗುದ್ದಿ ಮುರ್ದೋಯ್ತು ಆಂಟಿ."
ಗೇಣುದ್ದದ ಕಾರು! ಒನಕೆಯಂಥ ಜಲ್ಲೆ!
ಬೈಯಲು ಬಾಯಿ ತೆರೆದೆ;
ಒಬ್ಬ ಅದರೊಳಕ್ಕೊಂದು ತುಂಡು ಇಟ್ಟ.

ಎರಡು ಬ್ಯಾಟರಿ ಸತ್ತವು.
ಮೈಕು ರಂಗೋಲಿಯ ಸಮಾಧಾನಕರ ಬಹುಮಾನದವರೆಗೂ ಬಂತು.
ಮೂವತ್ತೊಂದನೆಯವಳು ಮುಬಶ್ಶಿರಾ,
ಮೊದಲಿನಿಂದ ಹಗ್ಗದಾಚೆ ಕದಲದೆ ನಿಂತಿದ್ದವಳು.
ಅವಳ ಕೈಗೆ ರಿಮೋಟ್ ಬಂದಾಗ
ಮೈದಾನದಲ್ಲಿ ಉಳಿದದ್ದು ಸಿಪ್ಪೆ, ಇರುವೆ,
ನೇರ ದಾರಿಯ ಮೂರು ಜಲ್ಲೆ.
"ತಿರುವೆಲ್ಲ ತಿಂದಾಯ್ತು ಪುಟ್ಟಾ,
ಎಲ್ಲಿಗೆ ಬೇಕಾದರೂ ಬಿಡು" ಎಂದೆ.

ಅವಳು ಎಲ್ಲಿಗೆ ಬೇಕಾದರೂ ಬಿಡಲಿಲ್ಲ.
ನೇರ ಹೋದಳು.
ಸೊಂಟವಿದ್ದ ಕಡೆ ಬಳುಕಿಸಿದಳು, ಎಡ, ಬಲ, ಮತ್ತೆ ಎಡ,
ಏನೂ ಇಲ್ಲದ ಮಣ್ಣಿನಲ್ಲಿ ಯಾವುದಕ್ಕೂ ತಾಗಿಸದೆ.
ಗೂಟದ ಹತ್ತಿರ ವೇಗ ತಗ್ಗಿಸಿ
ಇಲ್ಲದ ಗಡುಸು ತಿರುವಿಗೆ ಮರ್ಯಾದೆ ಕೊಟ್ಟು
ನಮ್ಮ ಕಡೆಗೆ ಹೊರಳಿಸಿದಳು.
ಎಡ ಬಲವಾಗುವ ಜಾಗ.
ಅವಳ ಭುಜ ಒಂಚೂರು ವಾಲಿತು ಅಷ್ಟೆ,
ಸೀಟಿನಲ್ಲಿ ಕೂತವರದು ವಾಲುವ ಹಾಗೆ.
ಹೇಗೆ ಗೊತ್ತಾಯಿತೇ ನಿನಗೆ?
"ನಾನ್ ಅದ್ರೊಳಗಿದೀನಲ್ಲ ಆಂಟಿ" ಅಂದಳು, ಕಣ್ಣು ಕೀಳದೆ.

ನನ್ನ ಬಲಗಾಲಿನ ನೆನಪಾಗಿ ಕೆಳಗೆ ನೋಡಿದೆ.
ಅದು ಯಾವಾಗಲೋ ಚಪ್ಪಲಿ ಕಳಚಿಟ್ಟು
ಸುಮ್ಮನೆ ನಿಂತಿತ್ತು.

ಮೂರನೇ ಬ್ಯಾಟರಿಯೂ ಮುಗಿದು
ಕಾರು ಎರಡು ಮಾರು ದೂರದಲ್ಲೇ ನಿಂತಿತು.
ಅವಳೇ ಹೋಗಿ ಎತ್ತಿಕೊಂಡು ಬಂದಳು,
ತಿರುವು ತುಳಿಯದೆ, ಸುತ್ತು ಹಾಕಿ.

ಜವರಪ್ಪ ಬಂದ. ಮೂರು ಜಲ್ಲೆಯನ್ನು ಎರಡು ಸಲ ಎಣಿಸಿದ.
"ಮಿಕ್ಕಿದ್ದು?"
ಉತ್ತರ ಹೇಳಲು
ನನ್ನ ಬಾಯಲ್ಲಿ ಜಾಗವಿರಲಿಲ್ಲ.