ಋಣ ಚಿಹ್ನೆ

ಮೊಟ್ಟೆ ಡಬ್ಬಿಯ ಮುಚ್ಚಳದ ಒಳಮೈಯಲ್ಲಿ
ಬರೆದುಕೊಂಡು ಬಂದಿದ್ದಳು ನೋರೀನ್ ಹೆನೆಗನ್:
ಐವತ್ತಮೂರು ಚುಕ್ಕಿ ಎಂಟು, ಮುಂದೆ ಐದಂಕೆ,
ಆಮೇಲೊಂದು ಅಡ್ಡಗೀಟು,
ಒಂಬತ್ತು ಚುಕ್ಕಿ ಮೂರು, ಮತ್ತೂ ಅಂಕೆ.
ಮೊಮ್ಮಗಳ ಫೋನು ಹಿಡಿದು
ಜವುಗು ಹುಲ್ಲಲ್ಲಿ ಮೊಣಕಾಲೂರಿ
ಕಲ್ಲಿಗೆ ತಾಗಿಸಿ ಓದಿದ್ದಂತೆ.

'ರಸ್ತೆ ಬರುತ್ತಂತೆ ಆ ಹೊಲದ ಮೇಲೆ.
ಈ ಅಂಕೆ ಬೇಡವಂತೆ, ನಿಮ್ಮ ನಕ್ಷೆಯ ಅಂಕೆ ಬೇಕಂತೆ.
ನೀನು ಮಾಡೋದು ಅದೇ ಕೆಲಸ ತಾನೆ?'

ಅದೇ ಕೆಲಸ.
ಮೇಯೋ ಕೌಂಟಿ ಕಚೇರಿಯ ಎರಡನೇ ಮಹಡಿಯಲ್ಲಿ ಕೂತು
ಉಪಗ್ರಹ ಹೇಳಿದ್ದನ್ನು
ಐರ್ಲೆಂಡಿನ ಚೌಕಗಳಿಗೆ ತಿಳಿಯುವಂತೆ ತಿರುಗಿಸಿ ಹೇಳುವುದು.

ಭೂಮಿ ಒಂದೇ.
ಆದರೆ ಉಪಗ್ರಹ ನಂಬಿದ ಗುಂಡು ಬೇರೆ,
ಹಿಂದೆ ಸರಪಳಿ ಎಳೆದು ಬೆಟ್ಟ ಬೆಟ್ಟ ಹತ್ತಿ
ಅಳೆದವರು ನಂಬಿದ ಗುಂಡು ಬೇರೆ.
ಇದರಿಂದ ಅದಕ್ಕೆ ದಾಟಲು ಏಳು ಸಂಖ್ಯೆ ಬೇಕು:
ಮೂರು ಜರುಗಿಸಲು, ಮೂರು ತಿರುಗಿಸಲು,
ಒಂದು, ಚೂರೇ ಚೂರು ಹಿಗ್ಗಿಸಲು.
ಆ ಏಳನ್ನೂ ಬಿಟ್ಟು ಓಡಿಸಿದೆ ಮೊದಲ ಸಲ.
ಐವತ್ತು ಮೀಟರು ಸರಿದು
ಕಲ್ಲು ಸರೋವರಕ್ಕೆ ಬಿತ್ತು.

ಎರಡನೇ ಸಲ ಏಳೂ ಇದ್ದವು.
ಅಡ್ಡಗೀಟನ್ನು ಮಾತ್ರ, ಕಸವೆಂದು,
ನನ್ನ ಕೋಡು ಗುಡಿಸಿ ಹಾಕಿತ್ತು.
ಪಡುವಣ ಮೂಡಣವಾಗಿ
ಕಲ್ಲು ಹೋಗಿ ನಿಂತದ್ದು ಹ್ಯಾಂಬರ್ಗಿನ ಆಚೆ
ಯಾರದೋ ಎಲೆಕೋಸಿನ ಸಾಲಲ್ಲಿ.

'ಜರ್ಮನಿಗೆ?' ಕನ್ನಡಕ ತೆಗೆದು ಒರೆಸಿದಳು.
'ನಮ್ಮ ಮನೆಯಲ್ಲಿ ಅಷ್ಟು ದೂರ ಹೋದವನು
ಅವನೊಬ್ಬನೇ ನೋಡು.'

ಅವನು?

ನಲವತ್ತೊಂಬತ್ತರ ಮಾಗಿ. ಪಾದ್ರಿಯ ಸೈಕಲ್ಲು
ಗೇಟು ಮುಟ್ಟುವ ಮುನ್ನವೇ ಉಸಿರು ನಿಂತಿತ್ತು.
ತಲೆಗೆ ನೀರು ಬೀಳದ ಕೂಸಿಗೆ ಚರ್ಚಿನ ಮಣ್ಣಿಲ್ಲ.
ರಾತ್ರಿ, ಲಾಟೀನಿಲ್ಲದೆ, ಬೆಣ್ಣೆ ಪೆಟ್ಟಿಗೆ ಕಂಕುಳಲ್ಲಿ,
ಕಿಟಕಿಯಿಂದ ಏಳು ವರ್ಷದವಳಿಗೆ ಕಂಡದ್ದು ಅಪ್ಪನ ಬೆನ್ನು.
ಅಂಥವರನ್ನೆಲ್ಲ ಇಟ್ಟ ಆ ಮೂಲೆಗೆ ಊರು ಕಿಲ್ಲೀನ್ ಅನ್ನುತ್ತದೆ,
ಅದೂ ದನಿ ತಗ್ಗಿಸಿ.
ಮುಂದಿನ ಬೇಸಿಗೆ ಹುಲ್ಲು ಕೊಯ್ಯುವಾಗ
ಅಪ್ಪನ ಕುಡುಗೋಲು ಒಂದು ಕಲ್ಲನ್ನು ಬಳಸಿಕೊಂಡು ಹೋಯಿತು.
ಅವನು ಹೇಳಿದ್ದು ಅಷ್ಟೇ.

ನಾನು ಪರದೆಗೆ ಮುಖ ತಿರುಗಿಸಿದೆ.
ಈ ಜಾಲದ ಸೊನ್ನೆ ಇರುವುದು ಕಡಲಲ್ಲಿ.
ದೇಶದ ನಡುವಿನ ನಿಜ ಮೂಲವನ್ನು
ಇನ್ನೂರು ಕಿಲೋಮೀಟರು ಪಡುವಣಕ್ಕೆ,
ಇನ್ನೂರೈವತ್ತು ತೆಂಕಣಕ್ಕೆ ಎಳೆದು
ಅಲೆಯ ಮೇಲೆ ನೆಟ್ಟಿದ್ದಾರೆ. ಹುಸಿ ಮೂಲ, ಅದರ ಹೆಸರೇ ಅದು.
ಹಾಗೆ ಮಾಡಿದರೆ ಈ ದೇಶದ ಯಾವ ಹೊಸ್ತಿಲೂ,
ಯಾವ ಬಾವಿಯೂ
ಸೊನ್ನೆಗಿಂತ ಕೆಳಗಿಳಿಯುವುದಿಲ್ಲ.
ಯಾರ ಹೆಸರ ಹಿಂದೆಯೂ ಋಣ ಇಲ್ಲ.
ಲೆಕ್ಕಕ್ಕೆ ಬಹಳ ಅನುಕೂಲ.

'ಇಷ್ಟೊಂದು ಅಂಕೆ ಯಾಕೆ?'
ಕೊನೆಯದು ಅರ್ಧ ಗೇಣು ಅಳೆಯುತ್ತದೆ, ಅಂದೆ.
ಫೋನೇ ನಾಲ್ಕು ಮೀಟರು ತಪ್ಪುತ್ತದೆ ಎಂದು ಹೇಳಲಿಲ್ಲ.
ಅವಳು ಎರಡು ಅಂಗೈ ಎದುರುಬದುರು ಹಿಡಿದು
ಗಾಳಿಯಲ್ಲೊಂದು ಉದ್ದ ತೋರಿಸಿದಳು:
'ಪೆಟ್ಟಿಗೆ ಇಷ್ಟಿತ್ತು.'
ಎರಡು ಗೇಣು. ಹೆಚ್ಚೆಂದರೆ ಎರಡೂವರೆ.

ಮೂರನೇ ಸಲಕ್ಕೆ ಬಂತು. ಎಂ ಚೌಕ, ಹದಿನಾಲ್ಕು, ಎಂಬತ್ತನಾಲ್ಕು,
ಅದರೊಳಗೆ ಇನ್ನೂ ಸಣ್ಣವು.
ನಕ್ಷೆಯಲ್ಲಿ ಬರೀ ಹಸಿರಿದ್ದಲ್ಲಿ ಒಂದು ಚುಕ್ಕೆ,
ರಸ್ತೆಯ ಕೆಂಪು ಗೆರೆಗೆ ಹನ್ನೊಂದು ಮೀಟರು ಹತ್ತಿರ.
ಎಂಜಿನಿಯರು ಗೆರೆ ಬಾಗಿಸುತ್ತಾನೋ ಇಲ್ಲವೋ
ನನಗೆ ಗೊತ್ತಿಲ್ಲ.

ಫಾರಂ ಮುಂದಕ್ಕೆ ಹೋಗಲಿಲ್ಲ.
ಹೆಸರಿನ ಜಾಗ ಖಾಲಿ ಬಿಡುವಂತಿಲ್ಲ.
ಅವಳತ್ತ ನೋಡಿದೆ. ತಲೆ ಅಲ್ಲಾಡಿಸಿದಳು.
ಇಟ್ಟಿದ್ದರಲ್ಲವೇ ಇರುವುದು.
ಒಂದು ಅಡ್ಡಗೀಟು ಹಾಕಿದೆ.
ಈ ಸಲ ಅದು ಅಳಿಸಲಿಲ್ಲ.

ಡಬ್ಬಿ ಕೊಡು ಅಂದಳು ಎದ್ದು,
ನಾಳೆ ಮೊಟ್ಟೆಗೆ ಬೇಕು.