ನಲವತ್ತೊಂದನೇ ಸೆಕೆಂಡು

ಎಸ್.ಪಿ. ರೋಡಿನ ಮಹಡಿಯಂಗಡಿ.
ಸುಟ್ಟ ಕಾರ್ಡಿಗೆ ಬೆಸುಗೆ ಹಾಕುತ್ತಲೇ
ಮುದಸ್ಸಿರ್ ಕಿರುಬೆರಳಲ್ಲಿ ಟ್ರೈಲರ್ ನಿಲ್ಲಿಸಿದ:
"ನಿಂತ ನೀರು ನೋಡು. ದೀಪ ಬಿದ್ದಿದೆ, ಬೋರ್ಡು ಬಿದ್ದಿದೆ,
ನಡೆಯುವವನು ಬಿದ್ದಿಲ್ಲ."

ನಾನು ಅವನ ಕೋಟಿನ ನೂಲು ಎಣಿಸುತ್ತಿದ್ದೆ.

"ಕೂದಲು ಗಾಳಿಗೆ ಹೆದರಲ್ಲ, ಹೊಗೆಗೆ ದಿಕ್ಕಿಲ್ಲ.
ಎಂಜಿನ್ ಹಳೇದು ಗುರು, ಬಳಿದ ಸುಣ್ಣ ಹೊಸದು."
ಮತ್ತೆ ಒತ್ತಿದ. ಮತ್ತೆ ನಲವತ್ತೊಂದು.
ಪಾಪ, ಆ ಮನುಷ್ಯ ಮೂರನೇ ಸಲ ಅದೇ ನೀರು ದಾಟಿದ,
ಒದ್ದೆಯಾಗದೆ.

ಹೋದ ವಾರವೇ ಮುಂಗಡ ಕಟ್ಟಿದ್ದೆ. ಹೇಳಲಿಲ್ಲ.

ಕೆಳಗಿಳಿದರೆ ಮಳೆ ನಿಂತಿತ್ತು.
ಗುಂಡಿಯಲ್ಲಿ ಕೇಬಲ್ಲು, ಟೀ ಅಂಗಡಿಯ ಟ್ಯೂಬ್‌ಲೈಟು, ಅರ್ಧ ಆಕಾಶ.
ಬಗ್ಗಿ ನನ್ನನ್ನು ಹುಡುಕುತ್ತಿದ್ದೆ.
ಆಟೋದವನು ಹಾರ್ನು ನಿಲ್ಲಿಸಿ ಕೇಳಿದ:
"ಏನ್ ಸಾರ್, ಏನ್ ಬಿತ್ತು?"