ಅರ್ಧ ಖಾನೆ

ಬೆಳಗಿನ ಐದೂ ನಲವತ್ತಕ್ಕೆ
ಡೊಂಬಿವಲಿ ಇನ್ನೂ ಕಣ್ಣುಜ್ಜುತ್ತಿರುವಾಗ
ಅಡುಗೆಕಟ್ಟೆಯ ಕೆಳಗಿನ ಖಾನೆಯ ಜೊತೆ
ನಾನು ಜಗಳಕ್ಕೆ ನಿಲ್ಲುತ್ತೇನೆ.

ಅದು ಅರ್ಧ ಬರುತ್ತದೆ. ಅರ್ಧ ಮಾತ್ರ.
ಇನ್ನೂ ಎಳೆದರೆ ಒಳಗೆ ಯಾವುದೋ ಕಬ್ಬಿಣ
ಕಲ್ಲಿಗೆ ಹಲ್ಲು ಕೊಟ್ಟು ಕಿರ್ರ್ ಅನ್ನುತ್ತದೆ.
ರಾತ್ರಿ ಮೀನು ಹಿಡಿಯುವವರ ಹಾಗೆ ಕೈ ತೂರಿಸಿ ತಡಕಿ
ಲೈಟರ್ ಹುಡುಕಿದರೆ ಸಿಗುವುದು ತುರಿಮಣೆಯ ಹಲ್ಲು,
ತುರಿಮಣೆ ಬೇಕೆಂದ ದಿನ ಮೂರು ಲೈಟರು,
ಮೂರರಲ್ಲೂ ಕಿಡಿಯಿಲ್ಲ.
ಆರೂ ಐವತ್ತೆರಡರ ಲೋಕಲ್ ಯಾರಿಗೂ ಕಾಯುವುದಿಲ್ಲ.
ಹಿಟ್ಟು ಮೆತ್ತಿದ ಬೆರಳಿಗೆ ರಕ್ತ,
ಬಾಯಿಗೆ ಇವರ ಮನೆತನದ ಹೆಸರು.

ಇವರು ಹಾಸಿಗೆಯಿಂದಲೇ ಹೇಳುತ್ತಾರೆ:
'ಮೇಣದಬತ್ತಿ ತಿಕ್ಕು, ಜಾರುತ್ತದೆ.'
ತಿಕ್ಕಿದ್ದೇನೆ. ಕೊಬ್ಬರಿ ಎಣ್ಣೆ ಬಿಟ್ಟಿದ್ದೇನೆ.
ಇವರ ದಾಡಿಯ ಸಾಬೂನೂ ಖರ್ಚಾಗಿದೆ.
ಜಾರಿದ್ದು ಇವರು ಮಾತ್ರ,
ಮತ್ತೆ ನಿದ್ದೆಗೆ.

ಈ ಭಾನುವಾರ ಮೆಗಾಬ್ಲಾಕು.
ಕಲ್ಯಾಣದಿಂದ ಠಾಣೆಯವರೆಗೆ ಹಳಿ
ತೊಳೆದಿಟ್ಟ ಹಾಗೆ ಖಾಲಿ.
ಮುಲುಂಡಿನ ನಾದಿನಿಯ ಮನೆಗೆ ಹೋಗುವುದು ತಪ್ಪಿತು,
ದೇವರು ದೊಡ್ಡವನು.
ಸೆರಗು ಸಿಕ್ಕಿಸಿ, ನೆಲಕ್ಕೆ ಹಳೆಯ ಪೇಪರು ಹಾಸಿ
ಒಂದು ಕಾಲು ಗೋಡೆಗೆ ಕೊಟ್ಟು ಎಳೆದೆ ನೋಡಿ,
ಖಾನೆ ಬಂತು. ಜೊತೆಗೆ ನಾನೂ ಹಿಂದಕ್ಕೆ ಬಂದೆ,
ಫ್ರಿಜ್ಜಿಗೆ ತಲೆ.

ಸುರಿದದ್ದಕ್ಕೆ ಲೆಕ್ಕ ಬೇಡ.
ಮೋದಕದ ಅಚ್ಚಿನ ಒಂದೇ ಹೋಳು.
ಯಾವಾಗಲೋ ಗುಜರಿಗೆ ಹೋದ ಕುಕ್ಕರಿನ ಸೀಟಿ
(ಇಲ್ಲಿದೆ ಎಂದು ತಿಳಿದಿದ್ದರೆ ಕುಕ್ಕರು ಉಳಿಯುತ್ತಿತ್ತು).
ಚೈನೀಸ್ ಭೇಳಿನವ ಕೊಟ್ಟ ಸಾಸಿನ ಪುಡಿಕೆ, ಹೊಟ್ಟೆ ಉಬ್ಬಿಸಿಕೊಂಡು,
ಕೊತ್ತಂಬರಿ ಕಟ್ಟಿನ ರಬ್ಬರು ಒಂದಕ್ಕೊಂದು ಅಂಟಿ ಮುದ್ದೆ,
ಬೀಗವಿಲ್ಲದ ಕೀಲಿ ನಾಲ್ಕು; ಅದರಲ್ಲೊಂದು
ಗದಗಿನ ಟ್ರಂಕಿನದಿರಬಹುದು, ಇರದಿರಬಹುದು.
ಸಾಸಿವೆ. ಜಿರಲೆಯ ರೆಕ್ಕೆ.

ಮತ್ತು ತೀರಾ ಹಿಂದೆ,
ಖಾನೆಯ ಬೆನ್ನಿಗೂ ಗೋಡೆಗೂ ನಡುವೆ
ಹಿಡಿಯೆತ್ತಿ ಕಲ್ಲಿಗೆ ಆತು ನಿಂತ
ಕರಿಯುವ ಝಾರಾ ಒಂದು.
ಹಿಡಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು:
ಸೌ. ಮಂದಾ ಸಹಸ್ರ.
ಅಲ್ಲಿಗೆ ಹಿಡಿ ಮುಗಿದು
'ಬುದ್ಧೆ'ಗೆ ಜಾಗ ಸಾಕಾಗಿಲ್ಲ.

ಏಳು ದೀಪಾವಳಿಯ ಹಿಂದೆ
'ನಿಮ್ಮ ಝಾರಾ ಮರುದಿನವೇ ಕೊಟ್ಟೆ' ಅಂದವಳು ನಾನು.
'ಕೊಟ್ಟಿಲ್ಲ' ಅಂದರು. 'ಕೊಟ್ಟೆ' ಅಂದೆ.
ಎಲ್ಲಮ್ಮನ ಆಣೆ ಹಾಕಿದೆ, ಮರಾಠಿಯಲ್ಲಿ,
ತಟ್ಟದೇ ಹೋದೀತೆಂದು ಮತ್ತೊಮ್ಮೆ ಕನ್ನಡದಲ್ಲಿ.
ಅಂದಿನಿಂದ ಮೆಟ್ಟಿಲಲ್ಲಿ ಎದುರಾದರೆ
ಇಬ್ಬರೂ ನಮ್ಮ ನಮ್ಮ ಚಪ್ಪಲಿಯನ್ನು
ಈಗಷ್ಟೇ ಕೊಂಡವರಂತೆ ನೋಡುತ್ತೇವೆ.
ಅವರ ಯಜಮಾನರು ಹೋದ ದಿನವೂ ನಾನು
ಬಾಗಿಲಿನ ಕಿಂಡಿಯಿಂದಲೇ ನೋಡಿದ್ದು.
ಆ 'ಸೌ.' ಈಗ
ಈ ಝಾರಾದ ಮೇಲಷ್ಟೇ ಉಳಿದಿದೆ.

ಎರಡು ಸಲ ತೊಳೆದೆ, ಮೂರನೆಯ ಸಲ ಸುಮ್ಮನೆ.
ಖಾನೆ ಜೋಡಿಸಿದೆ. ಲೈಟರ್ ಒಂದೇ, ಕಿಡಿಯಿರುವಂಥದ್ದು.
ಈಗ ಒಂದು ಬೆರಳಿಗೆ ಬರುತ್ತದೆ, ಒಂದು ಬೆರಳಿಗೆ ಹೋಗುತ್ತದೆ.
ಇವರನ್ನು ಕರೆದು ತೋರಿಸಿದೆ.
'ನೋಡಿದೆಯಾ, ಮೇಣದಬತ್ತಿ' ಅಂದರು.

ಊಟವಾದ ಮೇಲೆ ಎದುರು ಮನೆಯ ಗಂಟೆ ಒತ್ತಿದೆ.
ತೆರೆದವಳು ಸೊಸೆ,
ಕಿವಿಗೂ ಭುಜಕ್ಕೂ ನಡುವೆ ಫೋನು.
'ಅತ್ತೆ ಕರ್ಜತಿಗೆ ಹೋಗಿದ್ದಾರೆ, ರೈಲಿಲ್ಲವಲ್ಲ, ಅಲ್ಲೇ ಸಿಕ್ಕಿಕೊಂಡಿದ್ದಾರೆ.'
ಏಳು ವರ್ಷದ ಮಾತನ್ನು ನಾಲಗೆಯ ಮೇಲೆ
ಸಾಲಾಗಿ ಜೋಡಿಸಿಕೊಂಡು ಹೋಗಿದ್ದೆ.
ಅವಳು ಝಾರಾವನ್ನು ತಿರುಗಿಸಿಯೂ ನೋಡಲಿಲ್ಲ.
'ಹಾಂ ಕಾಕೂ, ಥ್ಯಾಂಕ್ಯೂ.'

ಬಾಗಿಲು ಮುಚ್ಚಿತು. ನಾನು ಅಲ್ಲೇ ನಿಂತಿದ್ದೆ.
ಒಳಗೆಲ್ಲೋ ಒಂದು ಖಾನೆ ಎಳೆದ ಸದ್ದು,
ತುರುಕಿದ ಸದ್ದು,
ನೂಕಿದ್ದು,
ಮತ್ತೆ ನೂಕಿದ್ದು.